ಬಯಾಲಜಿ ಲ್ಯಾಬಿನ ಮಾವ

ಕಳೆದ ಬೇಸಿಗೆಯಲ್ಲಿ ತಂಗಿಯ ಮೊಮ್ಮಗಳ ಟಿ.ಸಿ. ತರಲು ರಾಯಚೂರಿನ ನನ್ನ ಹಳೆಯ ಕಾಲೇಜಿಗೆ ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರು, ಅರ್ಧ ಗಂಟೆ ಕಾಯಬೇಕಾಯಿತು. ಒಂದು ಕಡೆ ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ವರಾಂಡದ ತುದಿಯವರೆಗೂ ನಡೆದೆ. ಬಯಾಲಜಿ ಲ್ಯಾಬಿನ ಬಾಗಿಲು ಅರ್ಧ ತೆರೆದಿತ್ತು. ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಫಾರ್ಮಲಿನ್‌ಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೆ ಒಳಗೆ ಕಾಲಿಡುವ ಮೊದಲು ನನ್ನ ಕೈ ತಾನಾಗಿಯೇ ಬಾಗಿಲನ್ನು ಎರಡು ಸಲ ಬಡಿಯಿತು, ಆಮೇಲೆ ನಾನು ಉತ್ತರಕ್ಕಾಗಿ ನಿಂತೆ. ಒಳಗೆ ಯಾರೂ ಇರಲಿಲ್ಲ. ತೆರೆದ ಬಾಗಿಲನ್ನು ಬಡಿದು ಕಾಯುತ್ತಿದ್ದ ಮುದುಕಿಯನ್ನು ನೋಡಿ ವರಾಂಡದಲ್ಲಿದ್ದ ಹುಡುಗಿಯರು ದುಪಟ್ಟಾದೊಳಗೆ ನಕ್ಕರು. ಮೂಲೆಯಲ್ಲಿ ಹಾಲಿನಷ್ಟು ಬೆಳ್ಳಗಿನ ಪ್ಲಾಸ್ಟಿಕ್ ಅಸ್ಥಿಪಂಜರ ಒಂದು ನಿಂತಿತ್ತು. ಹಳೆಯದು ಎಲ್ಲಿಗೆ ಹೋಯಿತೆಂದು ವಿಚಾರಿಸಿದೆ. ಹಳೆಯದೊಂದು ಇತ್ತೆಂದೇ ಯಾರಿಗೂ ಗೊತ್ತಿರಲಿಲ್ಲ.

ನಾನು ಅಲ್ಲಿ ಎರಡನೆಯ ವರ್ಷದ ಪಿ.ಯು.ಸಿ. ಓದಿದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ದೇವದುರ್ಗ ತಾಲೂಕಿನ ಜಾಲಹಳ್ಳಿ ನಮ್ಮೂರು. ಅವ್ವ ಸೂಲಗಿತ್ತಿ. ಈ ವಿಷಯವನ್ನು ಕಾಲೇಜಿನಲ್ಲಿ ಬಾಯಿಬಿಟ್ಟಿರಲಿಲ್ಲ. ಕೇಳಿದವರಿಗೆ ಹೊಲ ಇದೆ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನ ಕೈಯಲ್ಲಿ ಒಬ್ಬ ಬಸುರಿ ತೀರಿಕೊಂಡಿದ್ದಳು, ದೇವದುರ್ಗದ ದವಾಖಾನೆಗೆ ಒಯ್ಯಲು ಬಂಡಿ ಹೂಡುವಷ್ಟರಲ್ಲಿ. ಅವ್ವ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದು, "ಕೈಲೆ ಆಗೂದು ನನಗ ಗೊತ್ತದ, ಶರಣಿ. ಕೈ ಮೀರಿದ್ದು ನೀ ಕಲತು ಬಾ," ಅಂದಳು. ಅಂದರೆ ನಾನು ಡಾಕ್ಟರಾಗಬೇಕು. ಆಗ ಮೆಡಿಕಲ್ ಸೀಟು ಸಿಗುತ್ತಿದ್ದದ್ದು ಪಿ.ಯು.ಸಿ. ಅಂಕಗಳ ಮೇಲೆ. ಒಂದೆರಡು ಅಂಕಕ್ಕೆ ಸೀಟು ಕಳೆದುಕೊಂಡವರು ಪ್ರತಿ ವರ್ಷವೂ ಇರುತ್ತಿದ್ದರು. ಥಿಯರಿಯನ್ನು ನಾನು ಉರು ಹೊಡೆದೇನು, ಆದರೆ ಪ್ರಾಕ್ಟಿಕಲ್ ಅಂಕಗಳೆಲ್ಲ ಬಯಾಲಜಿ ಸರ್ ಪೆನ್ನಿನ ತುದಿಯಲ್ಲಿದ್ದವು.

ಸರ್ ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಚಿತ್ರ ಬರೆಯುವುದರಲ್ಲಿ ಪಳಗಿದ ಕೈ. ಬೋರ್ಡಿನ ಮೇಲೆ ಕಪ್ಪೆಯ ಹೃದಯ ಬರೆದರೆ ಅದು ಬಡಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಆದರೆ ತಾವು ಒಮ್ಮೆ ಹೇಳಿದ್ದನ್ನು ಎಂದೂ ತಿದ್ದಿಕೊಂಡವರಲ್ಲ. ಲ್ಯಾಬಿನ ಮೂಲೆಯಲ್ಲಿ, ತೊಲೆಗೆ ಬಡಿದ ಕೊಕ್ಕೆಯಿಂದ, ನಿಜವಾದ ಮನುಷ್ಯನ ಅಸ್ಥಿಪಂಜರ ತೂಗುತ್ತಿತ್ತು. ವರ್ಷಗಳ ಕೈ ತಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ವರ್ಷದ ಹಿಂದೆ ಅದು ಮರದ ಪೆಟ್ಟಿಗೆಯಲ್ಲಿ ರೈಲಿನಿಂದ ಇಳಿದಾಗ ಜೊತೆಗೆ ಬಂದ ಚೀಟಿಯಲ್ಲಿ 'ವಯಸ್ಕ ಪುರುಷ' ಎಂದಿತ್ತಂತೆ, ಸರ್ ಅದಕ್ಕೆ ಸಹಿ ಹಾಕಿ ಇಳಿಸಿಕೊಂಡಿದ್ದರು. ಅಂದಿನಿಂದ ಎಲ್ಲ ಬ್ಯಾಚಿನ ರೆಕಾರ್ಡು ಪುಸ್ತಕದಲ್ಲೂ ಅದು ಪುರುಷನೇ. ಹುಡುಗರು ಅದಕ್ಕೆ 'ಮಾವ' ಅನ್ನುತ್ತಿದ್ದರು. ಬರುವಾಗ ಮಾವನಿಗೆ ಕೈಕುಲುಕುವುದು, ಹೋಗುವಾಗ ಹಲ್ಲಿನ ನಡುವೆ ಬೀಡಿ ಸಿಕ್ಕಿಸುವುದು, ಇವೆಲ್ಲ ನಡೆಯುತ್ತಿದ್ದವು.

ಅಟೆಂಡರ್ ಖಾಜಾಸಾಬರು ಮಾತ್ರ ಹಾಗೆಲ್ಲ ಮಾಡಗೊಡುತ್ತಿರಲಿಲ್ಲ. ಹಲ್ಲಿನ ಬೀಡಿ ಕಿತ್ತು ಬಿಸಾಕುತ್ತಿದ್ದರು. ಪ್ರತಿ ಗುರುವಾರ ಒದ್ದೆ ಬಟ್ಟೆಯಿಂದ ಎಲುಬು ಎಲುಬನ್ನೂ ಒರೆಸಿ, ಸುತ್ತಲೂ ಲೋಬಾನದ ಹೊಗೆ ಹಾಕಿ, "ಸಲಾಂ ಭಾಯಿ," ಎಂದು ಹೇಳಿ ಬಾಗಿಲು ಮುಚ್ಚುತ್ತಿದ್ದರು. ಮನೆಮಂದಿ ಮಾಡಬೇಕಾದದ್ದನ್ನು ಯಾರಾದರೂ ಮಾಡಬೇಕಲ್ಲ ಎನ್ನುವುದು ಅವರ ವಾದ.

ಇನ್ನೊಂದು ಸಂಗತಿ ಇತ್ತು. ಗೋಡೆಯಾಚೆ ಒಂದು ಪ್ರೈಮರಿ ಶಾಲೆ. ಅಲ್ಲಿ ರೈಲು ಹಳಿಯ ತುಂಡೊಂದನ್ನು ಗಂಟೆಯಾಗಿ ತೂಗುಹಾಕಿದ್ದರು. ಮಧ್ಯಾಹ್ನದ ಗಂಟೆ ಬಾರಿಸಿ ಮಕ್ಕಳು ಹೋ ಎಂದು ಹೊರಗೆ ಬೀಳುವಾಗ ಮಾವ ಕೊಕ್ಕೆಯ ಮೇಲೆ ಮೆಲ್ಲಗೆ ತಿರುಗುತ್ತಿದ್ದ. ಫ್ಯಾನು ನಿಂತಿರಲಿ, ಗಾಳಿ ಬಿದ್ದಿರಲಿ, ಅವನ ಮುಖ ಕಿಟಕಿಗೆ ಬರುತ್ತಿತ್ತು, ಮಕ್ಕಳ ಗದ್ದಲ ಅಡಗುವವರೆಗೂ ಅಲ್ಲೇ ಇರುತ್ತಿತ್ತು. ಹಳಿಯ ನಾದ ಗೋಡೆ ಹಿಡಿದು ತೊಲೆಗೆ ಬರುತ್ತದೆ, ಕೊಕ್ಕೆ ನಡುಗುತ್ತದೆ, ಅಷ್ಟೇ ಎಂದು ಸರ್ ವಿವರಿಸಿದ್ದರು. ಸರಿಯೇ ಇರಬೇಕು. ಮಾವ ತನ್ನ ಮಕ್ಕಳನ್ನು ಹುಡುಕುತ್ತಿದ್ದಾನೆ ಎಂದು ಹುಡುಗರು ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ನನ್ನ ಗೆಳತಿ ಎಂದರೆ ಜರೀನಾ ಒಬ್ಬಳೇ. ಅವಳಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವಳಿಗೂ ಡಾಕ್ಟರಾಗುವ ಆಸೆ, ಅದೂ ನನಗಿಂತ ಹೆಚ್ಚು, ಯಾಕೆಂದರೆ ಅದು ಅವಳದೇ ಆಸೆಯಾಗಿತ್ತು. "ಸೀಟ್ ಸಿಕ್ರ ಡಾಕ್ಟರ್, ಇಲ್ಲಂದ್ರ ನಿಕಾಹ್. ಅಬ್ಬಾ ಎರಡಕ್ಕೂ ರೆಡಿ ಅದಾರ, ನಾ ಒಂದಕ್ಕ ಅದೀನಿ," ಎನ್ನುತ್ತಿದ್ದಳು. ನಮ್ಮಿಬ್ಬರಿಗೂ ಬಯಾಲಜಿ ಅಂಕ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು.

ಫೆಬ್ರವರಿಯಲ್ಲಿ ಸರ್ ಎಲುಬುಗಳ ಪಾಠ ಮಾಡಿದರು. ಸೊಂಟದ ಎಲುಬು, ಅಂದರೆ ಪೆಲ್ವಿಸ್, ಗಂಡಿನದೋ ಹೆಣ್ಣಿನದೋ ಎಂದು ಗುರುತಿಸಲು ಸುಲಭದ ಉಪಾಯ ಕಲಿಸಿದರು. ಮುಂಭಾಗದ ಕೆಳಗೆ ಕಮಾನಿನಂಥ ಒಂದು ಸಂದು ಇರುತ್ತದೆ. ತೋರುಬೆರಳು ಮತ್ತು ನಡುಬೆರಳನ್ನು ಅಗಲಿಸಿದಷ್ಟು ಕಿರಿದಾಗಿದ್ದರೆ ಗಂಡು. ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿದಷ್ಟು ಅಗಲವಾಗಿದ್ದರೆ ಹೆಣ್ಣು. ಬೆರಳನ್ನು ಪುಸ್ತಕದ ಚಿತ್ರದ ಮೇಲಿಟ್ಟು ತೋರಿಸಿದರು. ಮೂರು ಮಾರು ದೂರದಲ್ಲಿ ತೂಗುತ್ತಿದ್ದ ಎಲುಬಿಗೆ ಹಚ್ಚಿ ನೋಡುವುದು ಅವರಿಗೂ ಹೊಳೆಯಲಿಲ್ಲ, ಹನ್ನೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೊಳೆದಿರಲಿಲ್ಲ. ಚೀಟಿಯಲ್ಲಿ ಬರೆದಿತ್ತಲ್ಲ, ಇನ್ನು ನೋಡುವುದೇನು.

ಆ ವಾರ ಊಟದ ಹೊತ್ತಿನಲ್ಲಿ ನಾನು, ಜರೀನಾ ಎಲುಬುಗಳನ್ನು ಓದಲೆಂದು ಲ್ಯಾಬಿನಲ್ಲಿ ಉಳಿದೆವು. ರಾಯಚೂರಿನ ಬಿಸಿಲು ಆಗಲೇ ಕಚ್ಚತೊಡಗಿತ್ತು. ಕಾಲೇಜು ಪೂರ್ತಿ ಖಾಲಿಯಾಗಿ, ಜಾಡಿಗಳೊಳಗಿನ ಕಪ್ಪೆ, ಹಾವು, ಬೆಳೆಯದ ಕುರಿಮರಿ ಎಲ್ಲವೂ ನಮ್ಮನ್ನು ನೋಡುತ್ತಿದ್ದವು. ಕಮಾನಿಗೆ ಬೆರಳು ಹಚ್ಚುವ ಬದಲು ನಾನು ಯೋಚಿಸದೆ ಮುಷ್ಟಿ ಕಟ್ಟಿ, ಕೂರುವಾಗ ನೆಲಕ್ಕೆ ಊರುವ ಎರಡು ಎಲುಬುಗಳ ನಡುವೆ ಕೆಳಗಿನಿಂದ ಇಟ್ಟೆ. ದಿನ ತುಂಬಿದ ಬಸುರಿಯನ್ನು ಮಲಗಿಸಿ ಅವ್ವ ಹೀಗೆಯೇ ಅಳೆಯುತ್ತಿದ್ದಳು. ನಾಲ್ಕು ಗೆಣ್ಣೂ ಸಲೀಸಾಗಿ ಹಿಡಿದರೆ ಮನೆಯಲ್ಲೇ ಹೆರಿಗೆ, ಇಲ್ಲದಿದ್ದರೆ ಬಂಡಿ ಹೂಡಿರಿ ಅನ್ನುತ್ತಿದ್ದಳು. ನನ್ನ ನಾಲ್ಕು ಗೆಣ್ಣೂ ಹಿಡಿದವು, ಇನ್ನೂ ಜಾಗ ಉಳಿಯಿತು.



"ಜರೀನಾ, ಇದು ಮಾವ ಅಲ್ಲ," ಅಂದೆ. "ಹೆಣಮಗಳು."

"ಹೆದರಿಸಬ್ಯಾಡಬೇ," ಎಂದು ಅವಳು ಹೆಬ್ಬೆರಳು ತೋರುಬೆರಳು ಅಗಲಿಸಿ ಕಮಾನಿಗೆ ಹಚ್ಚಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವಳಿಗೆ ಅವ್ವನ ವಿಷಯ ಹೇಳಿದ್ದು ಅವತ್ತೇ. ಎಲುಬಿನ ಒಳಮಗ್ಗುಲಿಗೆ ಸಣ್ಣ ಸಣ್ಣ ಗುಳಿಗಳಿದ್ದವು. ಅವು ಹೆರಿಗೆಯ ಗುರುತೆಂದು ಲೈಬ್ರರಿಯ ದಪ್ಪ ಪುಸ್ತಕದಲ್ಲಿತ್ತು. ಅದು ಅಷ್ಟು ಖಾತ್ರಿಯ ಗುರುತಲ್ಲವೆಂದು ಆಮೇಲೆ ಕಲಿತೆ, ಆಗ ನಂಬಿದ್ದೆ. "ಹಡದಾಳ ಈಕಿ," ಅಂದೆ. ಅಷ್ಟರಲ್ಲಿ ಗೋಡೆಯಾಚೆ ಹಳಿ ಬಾರಿಸಿತು. ನಮ್ಮ ಕೈಯೊಳಗಿಂದಲೇ ಕೊಕ್ಕೆಯ ಮೇಲಿನವಳು ಮೆಲ್ಲಗೆ ಬಿಡಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಬಾಗಿಲಲ್ಲಿ ಖಾಜಾಸಾಬರು ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖ ಬೂದಿಯಾಗಿತ್ತು.

"ಖರೇನೇನವ್ವಾ?" ಎಂದರು.

"ಖರೇರಿ ಕಾಕಾ."

"ಯಾ ಅಲ್ಲಾ. ಹನ್ನೆರಡು ವರ್ಷ ಈ ಕೈಲೆ ಮೈಯೆಲ್ಲಾ ಒರಿಸೀನಿ. ಯಾರ ತಾಯಿನೋ ಏನೋ." ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ನೆಲಕ್ಕೆ ಬಿಟ್ಟು ಹೊರಟುಹೋದರು.

ಮರುದಿನ ಕ್ಲಾಸಿಗೆ ಹೋದಾಗ ಅಸ್ಥಿಪಂಜರಕ್ಕೆ ತಲೆಯಿಂದ ಮೊಣಕಾಲಿನವರೆಗೆ ಬಿಳಿ ಓಢಣಿ ಹೊದಿಸಿತ್ತು. ಹಳೆಯದು, ಒಗೆದು ಒಗೆದು ಮೆತ್ತಗಾದದ್ದು. ತೀರಿಕೊಂಡ ಅವರ ಹೆಂಡತಿಯದೆಂದು ಆಮೇಲೆ ತಿಳಿಯಿತು. ಓಢಣಿಯ ಕೆಳಗೆ ಎರಡು ಕಾಲೆಲುಬು ಮಾತ್ರ ಕಾಣುತ್ತಿದ್ದವು. ಬರಿಯ ಎಲುಬನ್ನು ನೋಡಿ ಎಂದೂ ಹೆದರದಿದ್ದ ನನಗೆ ಅದನ್ನು ನೋಡಿ ಎದೆ ಝಲ್ಲೆಂದಿತು. ಅಷ್ಟು ದಿನ ಅಲ್ಲಿ ಎಲುಬಿತ್ತು, ಈಗ ಒಬ್ಬ ಹೆಂಗಸು ನಿಂತಿದ್ದಳು. ಹುಡುಗರಲ್ಲಿ ಒಬ್ಬನೂ ಹಾಸ್ಯ ಮಾಡಲಿಲ್ಲ.

ಸರ್ ಬಂದವರೇ ಓಢಣಿ ಎಳೆದು ಹಾಕಿದರು. "ಏನಿದು ಖಾಜಾ? ಎಲುಬಿಗೆ ಎಂಥಾ ಪರದಾ?"

"ಹೆಣಮಗಳು ಅದಾರ್ರಿ ಸರ್."

"ಯಾರು ಹೇಳಿದ್ರು?"

ಖಾಜಾಸಾಬರು ನನ್ನ ಕಡೆ ನೋಡಲೇ ಇಲ್ಲ. "ನನಗ ಅನಿಸ್ತ್ರಿ," ಅಂದರು. ಅಷ್ಟು ಹೇಳಿ ಬೈಸಿಕೊಂಡರು. ಸರ್ ನಮ್ಮ ಕಡೆ ತಿರುಗಿ, "ಕೇಳ್ರಿ ಎಲ್ಲಾರೂ. ಕಾಗದದಾಗ ಪುರುಷ ಅಂತದ. ಪರೀಕ್ಷಾದಾಗ ಇದನ್ನ ಕೇಳಾಂವ ನಾನು. ಹುಚ್ಚುಚ್ಚಾರ ಹೇಳಿದವರ ಮಾರ್ಕ್ಸ್ ಹೋದ್ವು ಅಂತ ತಿಳೀರಿ," ಅಂದರು. ನಾನು ತಲೆ ತಗ್ಗಿಸಿ ರೆಕಾರ್ಡಿನಲ್ಲಿ 'ಪುರುಷ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಅಂದಿನಿಂದ ಖಾಜಾಸಾಬರು ಲ್ಯಾಬಿಗೆ ನೇರವಾಗಿ ಹೋಗುವುದನ್ನು ಬಿಟ್ಟರು. ಬೀಗ ತೆಗೆದು, ಬಾಗಿಲನ್ನು ಎರಡು ಸಲ ಬಡಿದು, "ಅಮ್ಮಾ, ಒಳಗ ಬರ್ತೀನ್ರಿ," ಎಂದು ಹೇಳಿ, ತುಸು ನಿಂತು ಒಳಗೆ ಹೋಗುತ್ತಿದ್ದರು. ನಾವು ಹುಡುಗಿಯರೂ ಹಾಗೆಯೇ ಮಾಡತೊಡಗಿದೆವು. ಒಂದು ಮಧ್ಯಾಹ್ನ ನಾನು ಬಂದಾಗ ಅವರು ಬೀಗ ತೆಗೆದಿಟ್ಟುಕೊಂಡು ಹೊರಗೇ ನಿಂತಿದ್ದರು. ಬೆವರು ಇಳಿಯುತ್ತಿತ್ತು.

"ಯಾಕ ನಿಂತೀರಿ ಕಾಕಾ? ಒಳಗ ನಡೀರಿ."

"ಇನ್ನಾ ಹೂಂ ಅಂದಿಲ್ಲವ್ವಾ," ಅಂದರು, ಪೋಸ್ಟು ಇನ್ನೂ ಬಂದಿಲ್ಲ ಎಂದು ಹೇಳುವಷ್ಟು ಸಹಜವಾಗಿ. ನಾನು ಆ ಬಿಸಿಲಲ್ಲಿ ಅವರ ಪಕ್ಕ ನಿಂತೆ. ಒಳಗೆ ತಂತಿ ಎಲ್ಲೋ ಕಿರುಗುಟ್ಟಿತು. "ಈಗ ಬಾ," ಎಂದು ಅವರು ಬಾಗಿಲು ದೂಡಿದರು.

ಶಿವರಾತ್ರಿಗೆ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ಎಳ್ಳು ಹುರಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, "ಹಲ್ಲು ಅದಾವೇನು?"

"ಎಲ್ಲಾ ಅದಾವು."

"ಅಂದ್ರ ಸಣ್ಣಾಕಿನ ಅದಾಳ." ಎಳ್ಳು ತಿರುವುತ್ತಲೇ, "ಇಷ್ಟು ವರ್ಷ ಗಂಡು ಹೆಸರ ಹಿಡದು ಕರದ್ರ ಆಕಿ ಹ್ಯಾಂಗ ಓಗೊಡಬೇಕು, ಪಾಪ," ಅಂದಳು. ಪರೀಕ್ಷೆಯಲ್ಲಿ ಕೇಳಿದರೆ ಏನು ಹೇಳಲಿ ಎಂದೆ. ನನ್ನ ಅವ್ವ ಸತ್ಯವಂತೆ, ಖರೇ ಹೇಳು ಅನ್ನುತ್ತಾಳೆಂದೇ ನಂಬಿದ್ದೆ. ಅವಳು ಬಾಣಲೆ ಇಳಿಸಿ ನನ್ನ ಮುಖ ನೋಡಿದಳು. "ಗಂಡು ಅನ್ನು. ಸತ್ತಾಕಿ ಕೈ ಮುಗದು ಬೇಡಿಕೊಂಡ್ರ ಬಿಡತಾಳ. ನೀ ಡಾಕ್ಟರ್ ಆಗಲಿಲ್ಲಂದ್ರ ಇಲ್ಲಿ ಸಾಯೋರು ಬಿಡಂಗಿಲ್ಲ."

ಏಪ್ರಿಲಿನಲ್ಲಿ ಪ್ರಾಕ್ಟಿಕಲ್. ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ್ದರೂ ಲ್ಯಾಬು ಕಾದ ಹಂಚಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಸಸ್ಯಶಾಸ್ತ್ರದವರು. ಎಲುಬಿನ ಗೊಡವೆಯನ್ನು ನಮ್ಮ ಸರ್‌ಗೇ ಬಿಟ್ಟು, ಪಕ್ಕದಲ್ಲಿ ಕೂತು ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಸೊಂಟ ಮತ್ತು ಕಾಲುಗಳನ್ನು ಬಿಚ್ಚಿ ಸೊಂಟದ ಎಲುಬನ್ನು ಟ್ರೇಯಲ್ಲಿ ಇಟ್ಟಿದ್ದರು. ಕೊಕ್ಕೆಯ ಮೇಲೆ ಅರ್ಧ ಹೆಂಗಸು ತೂಗುತ್ತಿದ್ದಳು. ನನ್ನ ಹಿಂದಿನ ನಂಬರು ಜರೀನಾಳದು, ಅವಳು ನನ್ನ ಬೆನ್ನಿಗೇ ನಿಂತಿದ್ದಳು. ಖಾಜಾಸಾಬರು ಬಾಗಿಲ ಬಳಿ ನೀರಿನ ಹೂಜಿ ಹಿಡಿದಿದ್ದರು.

ಸರ್ ಎಲುಬು ಎತ್ತಿ ಹಿಡಿದರು. "ಏನಿದು?"

"ಪೆಲ್ವಿಸ್ ಸರ್."

"ಗಂಡೋ ಹೆಣ್ಣೋ?"

ಎಲ್ಲರಿಗೂ ಅದನ್ನೇ ಕೇಳುತ್ತಿದ್ದರು, ಎಲ್ಲರೂ ಒಂದೇ ಉತ್ತರ ಹೇಳಿ ಹೋಗುತ್ತಿದ್ದರು. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತು. ಕೊಕ್ಕೆಯ ಮೇಲಿನದು ತಿರುಗಿತು, ಆದರೆ ಕಿಟಕಿಯ ಕಡೆಗಲ್ಲ. ಕೆಳಗಿನ ಭಾರ ತೆಗೆದದ್ದರಿಂದ ಇರಬೇಕು, ಸುತ್ತು ಬಂದು ನಮ್ಮ ಮೇಜಿನ ಕಡೆ ನಿಂತಿತು. ಆ ಎರಡು ಖಾಲಿ ಕಣ್ಣು ನನ್ನ ನೇರಕ್ಕಿದ್ದವು.

"ಗಂಡು, ಸರ್," ಅಂದೆ.

ಸರ್ ಸಮಾಧಾನದಿಂದ ಬರೆದುಕೊಂಡರು. ಜರೀನಾ ಮುಂದೆ ಬಂದಳು. ಅವಳು ನನ್ನ ಉತ್ತರ ಕೇಳಿದ್ದಳು. ಅದೇ ಉತ್ತರ ಹೇಳಿದ್ದರೆ ಅವಳಿಗೂ ಪೂರ್ತಿ ಅಂಕ ಬರುತ್ತಿತ್ತು, ಲೋಕ ಮುಳುಗುತ್ತಿರಲಿಲ್ಲ.

"ಹೆಣ್ಣು, ಸರ್."

"ಹ್ಯಾಂಗ ಹೇಳತಿ?"

"ನೀವ ಕಲಿಸಿದ್ದು ಸರ್." ಅವಳು ಹೆಬ್ಬೆರಳು ತೋರುಬೆರಳು ಅಗಲಿಸಿ ಕಮಾನಿಗೆ ಹಚ್ಚಿದಳು. ಸಸ್ಯಶಾಸ್ತ್ರದವರ ಕರವಸ್ತ್ರ ನಿಂತಿತು. ಸರ್ ಆ ಬೆರಳುಗಳನ್ನು ನೋಡಿದರು. ಅವರಿಗೆ ಆ ಕ್ಷಣ ಗೊತ್ತಾಯಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಕಿವಿಗಳು ಕೆಂಪಾದವು.

"ನಿನ್ನ ಮುಂದ ಇದ್ದಾಕಿ ಗಂಡು ಅಂದಳಲ್ಲ. ಆಕಿ ದಡ್ಡಿ ಏನು? ಕೇಳು ಆಕಿನ್ನ."

ಜರೀನಾ ತಿರುಗಿ ನನ್ನನ್ನು ನೋಡಿದಳು. ಅದು ಹೆಣ್ಣೆಂದು ಅವಳಿಗೆ ಮೊದಲು ಹೇಳಿದವಳು ನಾನು. ನಾನು ಬಾಯಿ ತೆರೆಯಲಿಲ್ಲ. ಅವಳು ಕೇಳಲೂ ಇಲ್ಲ, ಯಾರು ತೋರಿಸಿಕೊಟ್ಟರೆಂದು ಹೇಳಲೂ ಇಲ್ಲ. ಸರ್ ಪೆನ್ನು ಜೋರಾಗಿ ಒಂದು ಗೆರೆ ಎಳೆಯಿತು.

ಪರೀಕ್ಷೆ ಮುಗಿದ ಮೇಲೆ ಖಾಜಾಸಾಬರು ಟ್ರೇಯಿಂದ ಎಲುಬನ್ನು ಎರಡೂ ಕೈಯಿಂದ ಎತ್ತಿ ಆ ಓಢಣಿಯಲ್ಲಿ ಸುತ್ತಿದರು. ನಾನು ಅಲ್ಲೇ ಇದ್ದೆ. "ಮಾಫ್ ಕರ್ ದೇವ್ ಅಮ್ಮಾ, ಬಚ್ಚೀ ಹೈ," ಎಂದು ಅದಕ್ಕೆ ಹೇಳಿದರು. ಕೂಸು ಅದು, ಕ್ಷಮಿಸಿಬಿಡು ಎಂದು ನನ್ನ ಪರವಾಗಿ ಬೇಡುತ್ತಿದ್ದರು. ನನಗೆ ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ.

ನನಗೆ ಬಳ್ಳಾರಿಯಲ್ಲಿ ಮೆಡಿಕಲ್ ಸೀಟು ಸಿಕ್ಕಿತು. ಜರೀನಾಳಿಗೆ ಎರಡು ಅಂಕ ಕಡಿಮೆಯಾಯಿತು. ಎರಡೇ. ಅವಳಪ್ಪ ಮಾತಿನಂತೆ ನಡೆದರು, ಆ ವರ್ಷವೇ ಮಲ್ಲಟದ ಒಬ್ಬ ಅಕ್ಕಿ ವ್ಯಾಪಾರಿಯ ಮನೆಗೆ ಅವಳನ್ನು ಕೊಟ್ಟರು. ಮದುವೆಗೆ ಕರೆ ಬಂದಿತ್ತು, ನಾನು ಹೋಗಲಿಲ್ಲ. ನಾಚಿಕೆಯಾಗಿತ್ತು, ಬೇರೆ ಕಾರಣವಿಲ್ಲ.

ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ನಾನು ಮಾನ್ವಿಗೆ ಡಾಕ್ಟರಾಗಿ ಬಂದೆ. ಒಂದು ಮಧ್ಯಾಹ್ನ ಮಲ್ಲಟದ ಕಡೆಯಿಂದ ಜೀಪು ಬಂತು. ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ಎರಡು ದಿನ ಹೊರಡಲಾಗಿರಲಿಲ್ಲವಂತೆ. ಹೆರಿಗೆ ಟೇಬಲ್ಲಿನ ಮೇಲೆ ಮಲಗಿದ್ದವಳ ಮುಖ ನೋಡಿದೆ. ಜರೀನಾ. ಅವಳೂ ನನ್ನನ್ನು ಗುರುತಿಸಿದಳು. "ಶರಣಿ, ಕೂಸು ಅಲಗ್ಯಾಡವಲ್ದು," ಅಂದಳು. ಕೂಸಿನ ಎದೆಬಡಿತ ಆಲಿಸುವ ನಳಿಗೆಯನ್ನು ಹೊಟ್ಟೆಗೆ ಹಚ್ಚಿ ಕೇಳಿದೆ. ತಾಯಿಯ ಎದೆಬಡಿತ ಬಿಟ್ಟರೆ ಇನ್ನೊಂದು ಕೇಳಲಿಲ್ಲ. "ಏನೂ ಆಗಂಗಿಲ್ಲ, ಸುಮ್ಮನಿರು," ಅಂದೆ. ಅಷ್ಟು ವರ್ಷದ ಮೇಲೆ ಅವಳಿಗೆ ನಾನು ಹೇಳಿದ ಮೊದಲ ಮಾತೂ ಸುಳ್ಳೇ.

ಅವಳನ್ನು ಉಳಿಸಿಕೊಂಡೆ. ಅವ್ವನ ಕೈಯೂ ನನ್ನ ಓದೂ ಅವತ್ತು ಕೂಡಿಯೇ ಕೆಲಸ ಮಾಡಿದವು. ಮಗು ಅಳಲಿಲ್ಲ. ಗಂಡು, ತಲೆ ತುಂಬ ಕೂದಲಿತ್ತು. ಆಯಾ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕಿವಿಯಲ್ಲಿ, "ಹೆಣ್ಣು ಅಂತ ಹೇಳ್ರಿ ಅಕ್ಕಾರ. ಸಂಕಟ ಕಮ್ಮಿ ಆಕ್ಕದ," ಅಂದಳು. ಸತ್ತದ್ದು ಗಂಡಾದರೆ ಬಾಣಂತಿಗೆ ಹೆಣ್ಣೆಂದು ಹೇಳಿ ಸಾಗಹಾಕುವುದು ಆ ಕಡೆ ರೂಢಿಯಲ್ಲಿತ್ತು. ಅವ್ವನೂ ಎಷ್ಟೋ ಬಾಣಂತಿಯರಿಗೆ ಹಾಗೆ ಹೇಳಿದ್ದಳು. ಅದರಲ್ಲಿ ಕರುಣೆಯೇ ಇತ್ತು, ಕೇಡೇನೂ ಇರಲಿಲ್ಲ.

ಆ ಪಿಸುಮಾತು ಜರೀನಾಳಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ಅಳು ಕೇಳದೆ ಹೋದದ್ದಂತೂ ಅವಳಿಗೆ ತಿಳಿದಿತ್ತು. ನಾನು ಹತ್ತಿರ ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ಗಂಡೋ ಹೆಣ್ಣೋ?" ಎಂದು ಕೇಳಿದಳು. "ಈ ಸಲಾನರ ಖರೇ ಹೇಳಬೇ."

ಆಯಾ ನನ್ನ ಸೆರಗು ಜಗ್ಗಿದಳು.

"ಗಂಡು," ಅಂದೆ.

ಜರೀನಾ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಣಿಕಟ್ಟು ಬಿಟ್ಟು ಎರಡೂ ಕೈ ಚಾಚಿದಳು.

"ಕೊಡು ಇಲ್ಲೆ," ಅಂದಳು.